ನಷ್ಟವನ್ನು ಹಂಚಿಕೊಳ್ಳುವ ವಿದ್ಯೆ: ವಿಮಾಶಾಸ್ತ್ರದ ಉನ್ನತ ವ್ಯಾಸಂಗ

ಹತ್ತನೆಯ ತರಗತಿಯನ್ನು ಮುಗಿಸುವ ವಿದ್ಯಾರ್ಥಿಗಳನ್ನು ‘ಮುಂದೇನು ಓದುವಿರಿ?’ ಎಂದು ಕೇಳಿದರೆ ದೊರೆಯುವ ಉತ್ತರಗಳು ನಾಲ್ಕೈದನ್ನು ಮೀರುವುದಿಲ್ಲ. ವೈದ್ಯರಾಗುವೆವು, ಇಂಜಿನಿಯರರಾಗುವೆವು, ಉಪಾಧ್ಯಾಯರಾಗುವೆವು, ಪೊಲೀಸ್ ಇಲಾಖೆಗೆ ಸೇರುವೆವು ಎಂಬಲ್ಲಿಗೆ ಪಟ್ಟಿ ಮುಗಿಯುವುದು. ಇವೆಲ್ಲವೂ ಗೌರವದ ವೃತ್ತಿಗಳೇ ಸರಿ. ಆದರೆ ನಮ್ಮ ಮಕ್ಕಳ ಕಣ್ಣಿಗೆ ಅಷ್ಟಾಗಿ ಬೀಳದೆ ಉಳಿದಿರುವ, ನಮ್ಮ ಸೀಮೆಗೆ ಮಾತ್ರ ಅತ್ಯಗತ್ಯವಾಗಿ ಬೇಕಾಗಿರುವ ಮತ್ತೊಂದು ವಿದ್ಯೆ ಉಂಟು. ಅದೇ ವಿಮಾಶಾಸ್ತ್ರ. ಈ ಶಾಸ್ತ್ರದಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯವರೆಗೂ ಓದಬಹುದೆಂಬುದನ್ನೂ, ಅಲ್ಲಿ ಏನನ್ನು ಕಲಿಸುವರೆಂಬುದನ್ನೂ, ರಾಯದುರ್ಗ ಮತ್ತು ಮಡಕಶಿರದ ಕನ್ನಡ ಶಾಲೆಯ ಮಗುವು ಅಲ್ಲಿಗೆ ತಲುಪುವ ಬಗೆಯನ್ನೂ ಈ ಪಾಠದಲ್ಲಿ ವಿಚಾರ ಮಾಡೋಣ.

ನಮ್ಮ ಸೀಮೆಗೆ ಏಕೆ ಬೇಕು ಎಂಬುದನ್ನು ಮೊದಲು ಹೇಳುವುದು ಲೇಸು. ಅನಂತಪುರ ಸೀಮೆಯು ನಮ್ಮ ದೇಶದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ವರ್ಷವೊಂದಕ್ಕೆ ಇಲ್ಲಿ ಬೀಳುವ ಸರಾಸರಿ ಮಳೆ ಸುಮಾರು 550 ಮಿಲಿಮೀಟರು ಮಾತ್ರ. ಆ ಮಳೆಯನ್ನೇ ನಂಬಿ ನಮ್ಮ ರೈತರು ಶೇಂಗಾ ಬಿತ್ತುವರು. ಹದವಾದ ಮಳೆ ಬಂದರೆ ಮನೆಯಲ್ಲಿ ಮದುವೆ, ಬಾರದಿದ್ದರೆ ಗುಳೆ. ಹೀಗೆ ನಷ್ಟದ ಭಯವನ್ನು ದಿನವೂ ಕಂಡು ಬಲ್ಲ ಜನರೇ ನಷ್ಟವನ್ನು ಲೆಕ್ಕ ಹಾಕುವ ವಿದ್ಯೆಯನ್ನು ಕಲಿಯದೆ ಹೋದರೆ, ಆ ಲೆಕ್ಕವನ್ನು ದೂರದ ಪಟ್ಟಣದ ಬೇರೆಯವರು ಹಾಕುವರು. ಕೊಟ್ಟ ಕಾಗದಕ್ಕೆ ನಾವು ಓದದೆಯೇ ರುಜು ಮಾಡುವೆವು.

ವಿಮೆ ಎಂದರೇನು?

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯನ್ನು ಅರಿಯದವರಿಲ್ಲ. ಇಂದು ನಾನು ನಿನ್ನ ಹೊಲದಲ್ಲಿ ಕಳೆ ಕೀಳುವೆನು. ನಾಳೆ ನೀನು ನನ್ನ ಹೊಲಕ್ಕೆ ಬರುವೆ. ಮದುವೆಯಲ್ಲಿ ಮುಯ್ಯಿ ಓದಿಸುವುದೂ ಇದೇ ನ್ಯಾಯದಿಂದ. ಒಬ್ಬನ ಭಾರವನ್ನು ಹಲವರು ಸ್ವಲ್ಪ ಸ್ವಲ್ಪವಾಗಿ ಹೊತ್ತರೆ ಯಾರಿಗೂ ಭಾರವಾಗುವುದಿಲ್ಲ. ವಿಮೆಯ ಮೂಲವೂ ಇಷ್ಟೇ. ಆದರೆ ಮುಯ್ಯಿಗೂ ವಿಮೆಗೂ ಎರಡು ಭೇದಗಳುಂಟು. ಮುಯ್ಯಿಯಲ್ಲಿ ಪರಸ್ಪರ ಪರಿಚಯವಿರುವವರು ಸೇರುವರು. ವಿಮೆಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದ ಲಕ್ಷಾಂತರ ಜನ ಸೇರುವರು. ಮುಯ್ಯಿಯನ್ನು ಅಂದಾಜಿನಿಂದ ನಡೆಸಬಹುದು. ವಿಮೆಯನ್ನು ಗಣಿತದಿಂದಲ್ಲದೆ ನಡೆಸಲಾಗದು.

ಆ ಗಣಿತವನ್ನು ಒಂದು ಉದಾಹರಣೆಯಿಂದ ನೋಡೋಣ. 2015ರಲ್ಲಿ ಕೇಂದ್ರ ಸರ್ಕಾರವು ಎರಡು ವಿಮಾ ಯೋಜನೆಗಳನ್ನು ಆರಂಭಿಸಿತು. ಒಂದು ಅಪಘಾತ ವಿಮೆ, ಅಂದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಮತ್ತೊಂದು ಜೀವವಿಮೆ, ಅಂದರೆ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ. 2022ರಲ್ಲಿ ನಿಗದಿಯಾದ ದರದಂತೆ ಮೊದಲನೆಯದಕ್ಕೆ ವರ್ಷಕ್ಕೆ 20 ರೂಪಾಯಿ ಕಂತು. ಎರಡನೆಯದಕ್ಕೆ 436 ರೂಪಾಯಿ. ಸತ್ತವರ ಮನೆಯವರಿಗೆ ದೊರೆಯುವ ಹಣ ಎರಡರಲ್ಲಿಯೂ 2 ಲಕ್ಷ ರೂಪಾಯಿಯೇ. ಹಾಗಾದರೆ ಕಂತಿನಲ್ಲಿ ಇಷ್ಟು ಅಂತರವೇಕೆ?

ಲೆಕ್ಕ ಮಾಡಿರಿ. 2 ಲಕ್ಷವನ್ನು 20ರಿಂದ ಭಾಗಿಸಿದರೆ 10,000 ಬರುವುದು. ಎಂದರೆ ಹತ್ತು ಸಾವಿರ ಜನರ ಕಂತು ಕೂಡಿದರೆ ಒಂದು ಕುಟುಂಬಕ್ಕೆ ಪರಿಹಾರ ಕೊಡಬಹುದು. 2 ಲಕ್ಷವನ್ನು 436ರಿಂದ ಭಾಗಿಸಿದರೆ ಸುಮಾರು 459 ಬರುವುದು. ಇಲ್ಲಿ ನಾನೂರ ಐವತ್ತೊಂಬತ್ತು ಜನರ ಕಂತಿಗೆ ಒಂದು ಪರಿಹಾರ. ಅಪಘಾತದಿಂದ ಸಾಯುವವರು ಕಡಿಮೆ. ರೋಗ, ಅಪಘಾತ ಮುಂತಾದ ಎಲ್ಲ ಕಾರಣಗಳಿಂದ ಸಾಯುವವರು ಅದಕ್ಕಿಂತ ಬಹಳ ಹೆಚ್ಚು. ಆದುದರಿಂದಲೇ ಎರಡನೆಯದರ ಕಂತು ಹೆಚ್ಚು. ಕಂತಿನ ಮೊತ್ತವನ್ನು ಯಾರೋ ಮನಬಂದಂತೆ ಬರೆದುದಲ್ಲ; ಅದರ ಹಿಂದೆ ಸಾವು ನೋವುಗಳ ಎಣಿಕೆ ಇರುವುದೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನೊಂದು ಪ್ರಶ್ನೆ ಏಳುವುದು. ಯಾರಿಗೆ ಯಾವಾಗ ಆಪತ್ತು ಬರುವುದೆಂದು ಮೊದಲೇ ಹೇಳಬಲ್ಲವರಾರು? ಒಬ್ಬನ ವಿಷಯವನ್ನು ಯಾರೂ ಹೇಳಲಾರರು. ಆದರೆ ಬಹುಜನರ ವಿಷಯವನ್ನು ಬಹುಮಟ್ಟಿಗೆ ಹೇಳಬಹುದು. ಸಾವಿರ ಮನೆಗಳಲ್ಲಿ ವರ್ಷಕ್ಕೆ ಸರಾಸರಿ ಒಂದಕ್ಕೆ ಬೆಂಕಿ ತಗಲುವುದೆಂದು ಕಲ್ಪಿಸಿರಿ. ಹತ್ತೇ ಮನೆಯವರು ಸೇರಿ ಸಂಘ ಕಟ್ಟಿದರೆ ಹತ್ತಾರು ವರ್ಷ ಏನೂ ಆಗದಿರಬಹುದು. ಅಥವಾ ಮೊದಲ ವರ್ಷವೇ ಒಂದು ಮನೆ ಸುಟ್ಟು ಸಂಘದ ಹಣ ಸಾಲದೆ ಹೋಗಬಹುದು. ಒಂದು ಲಕ್ಷ ಮನೆಯವರು ಸೇರಿದರೆ ವರ್ಷಕ್ಕೆ ಸುಮಾರು ನೂರು ಮನೆಗಳಿಗೆ ಬೆಂಕಿ ತಗಲುವುದು. ಅದು ಕೆಲವು ವರ್ಷ ತೊಂಬತ್ತಾಗಬಹುದು, ಕೆಲವು ವರ್ಷ ನೂರಹತ್ತಾಗಬಹುದು. ಎಂಬತ್ತಕ್ಕಿಂತ ಕೆಳಗಾಗಲಿ ನೂರಿಪ್ಪತ್ತಕ್ಕಿಂತ ಮೇಲಾಗಲಿ ಹೋಗುವುದು ಅಪರೂಪ. ಜನ ಹೆಚ್ಚಿದಷ್ಟೂ ಅಂದಾಜು ಗಟ್ಟಿಯಾಗುವುದು. ಈ ನಿಯಮವನ್ನು ಗಣಿತದಿಂದ ಸಾಧಿಸಿ ತೋರಿದವನು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ. ಅವನ ಗ್ರಂಥ ಅವನ ಮರಣದ ತರುವಾಯ 1713ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ, 1693ರಲ್ಲಿ, ಧೂಮಕೇತುವಿನಿಂದ ಹೆಸರಾದ ಖಗೋಳಜ್ಞ ಎಡ್ಮಂಡ್ ಹ್ಯಾಲಿಯು ಬ್ರೆಸ್ಲಾವ್ ಎಂಬ ಪಟ್ಟಣದ ಜನನ ಮರಣಗಳ ದಾಖಲೆಯನ್ನು ತೆಗೆದುಕೊಂಡು, ಯಾವ ವಯಸ್ಸಿನವರು ಎಷ್ಟು ಮಂದಿ ಉಳಿಯುವರೆಂಬ ಕೋಷ್ಟಕವನ್ನು ರಚಿಸಿದ್ದನು. ಇವೆರಡರ ಮೇಲೆಯೇ ಇಂದಿನ ವಿಮಾಶಾಸ್ತ್ರದ ಕಟ್ಟಡ ನಿಂತಿರುವುದು.

ನಮ್ಮ ನಾಡಿನಲ್ಲಿ ವಿಮೆ

ಭಾರತದಲ್ಲಿ ಮೊದಲ ಜೀವವಿಮಾ ಸಂಸ್ಥೆಯಾದ ಓರಿಯೆಂಟಲ್ ಕಂಪನಿಯು 1818ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾಯಿತು. 1884ರಲ್ಲಿ ಅಂಚೆ ಇಲಾಖೆಯ ಜೀವವಿಮೆ ಆರಂಭವಾಯಿತು. ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, 1891ರಲ್ಲಿ ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಸರ್ಕಾರಿ ಜೀವವಿಮೆಯನ್ನು ಏರ್ಪಡಿಸಿತು. ಅದೇ ಇಂದು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಾಗಿ ನಡೆಯುತ್ತಿರುವುದು.

ಆ ಮೈಸೂರು ಸಂಸ್ಥಾನದಿಂದಲೇ ನಮ್ಮ ಸೀಮೆಗೆ ಬಹಳ ಹತ್ತಿರವಾದ ಒಂದು ವಿಚಾರವೂ ಹೊರಟಿತು. ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿ ಎಂಬವರು 1920ರಲ್ಲಿ ಕೃಷಿ ವಿಮೆಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. 1870ರಿಂದ 1914ರವರೆಗಿನ ಮಳೆಯ ಅಂಕಿಗಳನ್ನು ಪರಿಶೀಲಿಸಿ ಅವರು ಹೇಳಿದ ಮಾತಿನ ಸಾರಾಂಶವಿದು: ಪ್ರತಿಯೊಬ್ಬ ರೈತನ ಹೊಲಕ್ಕೆ ಹೋಗಿ ಬೆಳೆ ನಷ್ಟವನ್ನು ಅಳೆಯುವುದು ಕಷ್ಟ, ಆದರೆ ಮಳೆಯನ್ನು ಅಳೆಯುವುದು ಸುಲಭ. ಮಳೆಮಾಪಕವು ತೋರಿಸುವ ಅಂಕಿಯನ್ನು ಯಾರೂ ತಿದ್ದಲಾರರು. ಆದುದರಿಂದ ಗೊತ್ತಾದ ಮಟ್ಟಕ್ಕಿಂತ ಮಳೆ ಕಡಿಮೆಯಾದರೆ ಆ ಪ್ರದೇಶದ ವಿಮೆ ಮಾಡಿಸಿದ ರೈತರೆಲ್ಲರಿಗೂ ಪರಿಹಾರ ಕೊಡಬೇಕು. ಈ ಯೋಚನೆ ಅಂದು ಕಾರ್ಯಗತವಾಗಲಿಲ್ಲ. ಎಂಬತ್ತು ವರ್ಷಗಳಿಗೂ ಮೀರಿ ಕಾಲ ಕಳೆದ ಮೇಲೆ, 2003ರಲ್ಲಿ, ಆಗಿನ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಯಲ್ಲಿ ಶೇಂಗಾ ಮತ್ತು ಹರಳು ಬೆಳೆಯುವ ಕೆಲವು ರೈತರಿಗೆ ಮಳೆಯ ಅಳತೆಯ ವಿಮೆಯನ್ನು ಪ್ರಯೋಗಾರ್ಥವಾಗಿ ಕೊಡಲಾಯಿತು. ನಮ್ಮಂಥ ಒಣಭೂಮಿಯನ್ನು ಕಂಡು ಹುಟ್ಟಿದ ವಿಚಾರವು ಒಣಭೂಮಿಯಲ್ಲಿಯೇ ಮೊಳೆಯಿತೆಂದು ಹೇಳಬಹುದು.

ಸ್ವಾತಂತ್ರ್ಯಾನಂತರದ ಮುಖ್ಯ ಘಟನೆಗಳನ್ನು ವಿದ್ಯಾರ್ಥಿಗಳು ನೆನಪಿಡತಕ್ಕದ್ದು. 1938ರ ವಿಮಾ ಕಾಯಿದೆಯು ಇಂದಿಗೂ ಈ ವ್ಯವಹಾರಕ್ಕೆ ತಳಹದಿ. 1956ರಲ್ಲಿ 245 ಸಂಸ್ಥೆಗಳ ಜೀವವಿಮಾ ವ್ಯವಹಾರವನ್ನು ಸರ್ಕಾರವು ವಹಿಸಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ ಸ್ಥಾಪಿತವಾಯಿತು. ಬೆಂಕಿ, ಸಾಗಾಣಿಕೆ, ವಾಹನ ಮುಂತಾದ ಸಾಮಾನ್ಯ ವಿಮೆಗಳು 1973ರ ಜನವರಿ 1ರಿಂದ ರಾಷ್ಟ್ರೀಕೃತವಾಗಿ ನಾಲ್ಕು ಸರ್ಕಾರಿ ಕಂಪನಿಗಳ ಕೈ ಸೇರಿದವು. 1999ರ ಕಾಯಿದೆಯಿಂದ ಖಾಸಗಿ ಕಂಪನಿಗಳಿಗೆ ಮತ್ತೆ ಅವಕಾಶ ದೊರೆಯಿತು. ಅವುಗಳ ಮೇಲ್ವಿಚಾರಣೆಗೆ ವಿಮಾ ನಿಯಂತ್ರಣ ಪ್ರಾಧಿಕಾರ ಏರ್ಪಟ್ಟಿತು. ಈ ಪ್ರಾಧಿಕಾರದ ಮುಖ್ಯ ಕಚೇರಿ ಇರುವುದು ಹೈದರಾಬಾದಿನಲ್ಲಿ.

ಬೆಳೆ ವಿಮೆಯ ತೊಡಕು

ಬೆಂಕಿಯ ವಿಮೆಗಿಂತ ಬೆಳೆಯ ವಿಮೆ ಏಕೆ ಕಷ್ಟ? ಮುಯ್ಯಾಳಿನ ಉಪಮಾನಕ್ಕೇ ಹಿಂದಿರುಗೋಣ. ಊರಿನಲ್ಲಿ ಒಬ್ಬನ ಮನೆ ಸುಟ್ಟರೆ ಉಳಿದವರು ಸಹಾಯ ಮಾಡಬಲ್ಲರು. ಮಳೆ ಹೋದರೆ ಹಾಗಲ್ಲ. ಊರಿಗೆ ಊರೇ, ತಾಲ್ಲೂಕಿಗೆ ತಾಲ್ಲೂಕೇ ಒಂದೇ ದಿನ ಕೈ ಚಾಚುವುದು. ಕೊಡುವವರು ಯಾರು? ರಾಯದುರ್ಗದ ಬರವನ್ನು ರಾಯದುರ್ಗದವರೇ ಹಂಚಿಕೊಳ್ಳಲಾರರು. ಮಳೆ ಚೆನ್ನಾಗಿ ಬಿದ್ದ ಬೇರೆ ಸೀಮೆಯವರೂ ಆ ಪಾಲಿನಲ್ಲಿ ಸೇರಬೇಕು. ಆದುದರಿಂದ ಬೆಳೆ ವಿಮೆಯನ್ನು ದೇಶದ ಮಟ್ಟದಲ್ಲಿ ಏರ್ಪಡಿಸಿ, ಸರ್ಕಾರವೂ ಕಂತಿನಲ್ಲಿ ಪಾಲು ಕೊಡುವುದು. ವಿಮಾ ಕಂಪನಿಗಳು ತಮ್ಮ ಹೊರೆಯ ಒಂದು ಭಾಗವನ್ನು ಬೇರೆ ದೊಡ್ಡ ಸಂಸ್ಥೆಗಳಿಗೆ ವಹಿಸುವುದೂ ಉಂಟು. ಇದಕ್ಕೆ ಮರುವಿಮೆ ಎಂದು ಹೆಸರು.

2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂದಿತು. ಆಂಧ್ರಪ್ರದೇಶವು ಕೆಲವು ವರ್ಷ ಅದರಿಂದ ಹೊರಗಿದ್ದು 2022ರಲ್ಲಿ ಮತ್ತೆ ಸೇರಿತು. ಯೋಜನೆಯ ನಿಯಮದಂತೆ ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತನ ಪಾಲು ವಿಮಾ ಮೊತ್ತದ ನೂರಕ್ಕೆ 2; ಹಿಂಗಾರಿಗೆ ಒಂದೂವರೆ; ವಾಣಿಜ್ಯ ಮತ್ತು ತೋಟಗಾರಿಕೆಯ ಬೆಳೆಗಳಿಗೆ 5. ಪರಿಹಾರವನ್ನು ಗೊತ್ತುಮಾಡುವ ಕ್ರಮ ಹೀಗಿದೆ. ಹಿಂದಿನ ಏಳು ವರ್ಷಗಳಲ್ಲಿ ಹೆಚ್ಚು ಇಳುವರಿ ಬಂದ ಐದು ವರ್ಷಗಳ ಸರಾಸರಿಯನ್ನು ತೆಗೆದು, ಅದರಲ್ಲಿ ನೂರಕ್ಕೆ ಇಷ್ಟು ಭಾಗವೆಂದು ಮೊದಲೇ ನಿಗದಿಯಾದಷ್ಟನ್ನು ಮಿತಿಯ ಇಳುವರಿ ಎಂದು ಹಿಡಿಯುವರು. ಆ ವರ್ಷದ ಇಳುವರಿಯು ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಪ್ರಮಾಣದ ಪರಿಹಾರ ದೊರೆಯುವುದು.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸೋಣ. ಎಕರೆಗೆ ವಿಮಾ ಮೊತ್ತ 20,000 ರೂಪಾಯಿ. ಮಿತಿಯ ಇಳುವರಿ 400 ಕಿಲೋಗ್ರಾಂ. ಈ ವರ್ಷ ಬಂದುದು 250 ಕಿಲೋಗ್ರಾಂ. ಕೊರತೆ 150. ಇದನ್ನು 400ರಿಂದ ಭಾಗಿಸಿದರೆ 0.375. ಅದನ್ನು 20,000ದಿಂದ ಗುಣಿಸಿದರೆ 7,500 ರೂಪಾಯಿ. ರೈತನು ಕೊಟ್ಟ ಪಾಲು ನೂರಕ್ಕೆ ಎರಡರಂತೆ 400 ರೂಪಾಯಿ.

ಲೆಕ್ಕ ಸರಳ. ಆದರೆ ಇಲ್ಲಿಯೇ ಒಂದು ತೊಡಕು ಅಡಗಿದೆ. ಈ 250 ಕಿಲೋಗ್ರಾಂ ಎಂಬುದು ಆ ರೈತನ ಹೊಲದ ಇಳುವರಿಯಲ್ಲ. ಇಡೀ ಗ್ರಾಮದ ಅಥವಾ ಮಂಡಲದ ಸರಾಸರಿ ಇಳುವರಿ. ಮಳೆಯ ವಿಮೆಯಲ್ಲಿಯೂ ಹಾಗೆಯೇ. ಅಳೆಯುವುದು ಮಳೆಮಾಪಕ ಇರುವ ಸ್ಥಳದ ಮಳೆಯನ್ನು. ಮಾಪಕದ ಮೇಲೆ ಮಳೆ ಸುರಿದು ಎರಡು ಹರಿದಾರಿ ದೂರದ ಹೊಲ ಒಣಗಿದರೆ ಆ ರೈತನಿಗೆ ಪರಿಹಾರವಿಲ್ಲ. ‘ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ನೆನೆಯದು’ ಎಂದು ನಮ್ಮ ಕಡೆಯ ಮಳೆಯನ್ನು ಹಿರಿಯರು ಬಣ್ಣಿಸುವುದುಂಟಷ್ಟೆ. ಹಾಗಾದರೆ ಮಾಪಕಗಳನ್ನು ಎಷ್ಟು ದೂರಕ್ಕೊಂದರಂತೆ ಇಡಬೇಕು? ಉಪಗ್ರಹದ ಚಿತ್ರಗಳಿಂದ ಹೊಲದ ಸ್ಥಿತಿಯನ್ನು ಎಷ್ಟರಮಟ್ಟಿಗೆ ತಿಳಿಯಬಹುದು? ಬಿತ್ತನೆಯಾದ ಮೇಲೆ ಮಳೆ ಎಷ್ಟು ದಿನ ತಡೆದರೆ ಶೇಂಗಾ ಕೆಡುವುದು? ಇವು ಇಂದಿಗೂ ಪೂರ್ಣವಾಗಿ ಬಗೆಹರಿಯದ ಪ್ರಶ್ನೆಗಳು. ಇವುಗಳಿಗೆ ಉತ್ತರ ಹುಡುಕುವವರಲ್ಲಿ ಶೇಂಗಾ ಬೆಳೆಯುವವರ ಮಕ್ಕಳೂ ಇರಬೇಡವೇ?

ಸ್ನಾತಕೋತ್ತರ ವ್ಯಾಸಂಗದಲ್ಲಿ ಕಲಿಯುವುದೇನು?

ವಿಮೆ ಎಂದೊಡನೆ ಮನೆಮನೆಗೆ ಬರುವ ಏಜೆಂಟರ ನೆನಪಾಗುವುದು ಸಹಜ. ಏಜೆಂಟರಾಗಲು ಹತ್ತನೆಯ ತರಗತಿಯ ತೇರ್ಗಡೆ ಮತ್ತು ಒಂದು ಪರೀಕ್ಷೆ ಸಾಕು. ಅದೂ ಉಪಯುಕ್ತವಾದ ಕೆಲಸವೇ. ಆದರೆ ಕಂತನ್ನು ಗೊತ್ತುಮಾಡುವವರು, ಯಾರ ಅಪಾಯವನ್ನು ಯಾವ ಷರತ್ತಿನ ಮೇಲೆ ಒಪ್ಪಬೇಕೆಂದು ನಿರ್ಣಯಿಸುವವರು, ನಷ್ಟವನ್ನು ಪರೀಕ್ಷಿಸಿ ಪರಿಹಾರ ತೀರ್ಮಾನಿಸುವವರು, ಹೊಸ ಯೋಜನೆಯನ್ನು ರಚಿಸುವವರು ಬೇರೆ. ಅವರಿಗೆ ಬೇಕಾದ ವಿದ್ಯೆಯನ್ನು ವಿಶ್ವವಿದ್ಯಾಲಯವು ಸಾಮಾನ್ಯವಾಗಿ ಎರಡು ವರ್ಷಗಳಲ್ಲಿ ಕಲಿಸುವುದು. ಅದನ್ನು ನಾಲ್ಕು ಭಾಗವಾಗಿ ತಿಳಿಯಬಹುದು.

ಮೊದಲನೆಯದು ಕಾನೂನು. ವಿಮೆಯು ಒಂದು ಕರಾರು. ಆದರೆ ಸಾಮಾನ್ಯ ಕರಾರಿನಂತಲ್ಲ. ಇಲ್ಲಿ ಎರಡು ಕಡೆಯವರೂ ಏನನ್ನೂ ಮುಚ್ಚಿಡದೆ ಹೇಳಬೇಕು. ಇದಕ್ಕೆ ಪರಮ ವಿಶ್ವಾಸದ ತತ್ತ್ವವೆಂದು ಹೆಸರು. ತನಗೆ ಸಂಬಂಧವಿಲ್ಲದ ವಸ್ತುವಿನ ಮೇಲೆ ಯಾರೂ ವಿಮೆ ಮಾಡಿಸಲಾಗದು. ಇಲ್ಲವಾದರೆ ವಿಮೆ ಜೂಜಾಗುವುದು. ಆದ ನಷ್ಟಕ್ಕಿಂತ ಹೆಚ್ಚು ಪರಿಹಾರವಿಲ್ಲ. ಹತ್ತು ಸಾವಿರದ ಮಗ್ಗ ಸುಟ್ಟರೆ ಇಪ್ಪತ್ತು ಸಾವಿರ ಬಾರದು. ಜೀವಕ್ಕೆ ಬೆಲೆ ಕಟ್ಟಲಾಗದ ಕಾರಣ ಜೀವವಿಮೆಗೆ ಮಾತ್ರ ಈ ಕೊನೆಯ ನಿಯಮ ಅನ್ವಯಿಸದು.

ಎರಡನೆಯದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಸಂಭವನೀಯತೆ, ಮರಣ ಕೋಷ್ಟಕ, ಬಡ್ಡಿಯ ಲೆಕ್ಕ, ಮುಂದೆ ಕೊಡಬೇಕಾದ ಹಣಕ್ಕಾಗಿ ಇಂದು ಇಡಬೇಕಾದ ನಿಧಿಯ ಲೆಕ್ಕ ಇದರಲ್ಲಿ ಸೇರುವುವು.

ಮೂರನೆಯದು ಅಪಾಯದ ಪರಿಶೀಲನೆ. ವ್ಯವಹಾರದವರು ರಿಸ್ಕ್ ಎಂದು ಕರೆಯುವುದು ಇದನ್ನೇ. ರಾಯದುರ್ಗದ ಉಡುಪು ಹೊಲಿಯುವ ಕಾರ್ಖಾನೆಗೆ ಬೆಂಕಿಯ ಅಪಾಯವೆಷ್ಟು? ಬಟ್ಟೆಯ ರಾಶಿಯನ್ನು ವಿದ್ಯುತ್ ತಂತಿಯಿಂದ ದೂರವಿಟ್ಟರೆ ಅದು ಎಷ್ಟು ಕಡಿಮೆಯಾಗುವುದು? ಕುರಿಯ ವಿಮೆಯಲ್ಲಿ ಸತ್ತ ಕುರಿ ವಿಮೆ ಮಾಡಿಸಿದ ಕುರಿಯೇ ಎಂದು ಹೇಗೆ ತಿಳಿಯುವುದು? ಕಿವಿಗೆ ಬಿಲ್ಲೆ ಹಾಕುವುದು ಇದಕ್ಕಾಗಿಯೇ. ನಷ್ಟವಾದ ಮೇಲೆ ತುಂಬಿಕೊಡುವುದಕ್ಕಿಂತ ನಷ್ಟವಾಗದಂತೆ ತಡೆಯುವುದು ಮೇಲೆಂಬುದನ್ನು ಈ ಭಾಗ ಕಲಿಸುವುದು.

ನಾಲ್ಕನೆಯದು ಆಡಳಿತ. ಕಂಪನಿಯ ಹಣವನ್ನು ಎಲ್ಲಿ ತೊಡಗಿಸಬೇಕು, ಲೆಕ್ಕಪತ್ರ ಹೇಗಿಡಬೇಕು, ಪರಿಹಾರದ ಅರ್ಜಿಗಳನ್ನು ತಡವಿಲ್ಲದೆ ಹೇಗೆ ತೀರಿಸಬೇಕು ಎಂಬವು ಇಲ್ಲಿ ಬರುವುವು.

ಅಲ್ಲಿಗೆ ಹೋಗುವ ದಾರಿ

ಆಂಧ್ರಪ್ರದೇಶದಲ್ಲಿ ಹತ್ತನೆಯ ತರಗತಿಯ ತರುವಾಯ ಎರಡು ವರ್ಷದ ಇಂಟರ್‌ಮೀಡಿಯೆಟ್ ವ್ಯಾಸಂಗ. ಈ ದಾರಿಗೆ ಗಣಿತ, ಅರ್ಥಶಾಸ್ತ್ರ, ವಾಣಿಜ್ಯ ಮೂರೂ ಇರುವ ಎಂ.ಇ.ಸಿ. ವಿಭಾಗ ಬಹಳ ಅನುಕೂಲ. ಗಣಿತವನ್ನು ಬಿಡಬಾರದೆಂಬುದು ನಮ್ಮ ಮುಖ್ಯ ಸೂಚನೆ. ಆಮೇಲೆ ಬಿ.ಕಾಂ. ಅಥವಾ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರಗಳಲ್ಲೊಂದನ್ನು ಮುಖ್ಯವಾಗುಳ್ಳ ಪದವಿ. ಅದಾದ ಮೇಲೆ ಸ್ನಾತಕೋತ್ತರ ವ್ಯಾಸಂಗ.

ವಿಮೆಯನ್ನೇ ಹೆಸರಿನಲ್ಲುಳ್ಳ ಸ್ನಾತಕೋತ್ತರ ಪದವಿಯು ಎಲ್ಲ ವಿಶ್ವವಿದ್ಯಾಲಯಗಳಲ್ಲಿಯೂ ಇಲ್ಲ. 1916ರಲ್ಲಿ ಸ್ಥಾಪಿತವಾದ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗವು ‘ಅಪಾಯ ಮತ್ತು ವಿಮೆ’ ಎಂಬ ವಿಷಯದಲ್ಲಿಯೇ ಇಂಥ ವ್ಯಾಸಂಗವನ್ನು ಏರ್ಪಡಿಸಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಅನೇಕ ಸ್ನಾತಕೋತ್ತರ ವಿಷಯಗಳಿಗೆ 2022ರಿಂದ ಒಂದು ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತಿದೆ. ದೂರ ಹೋಗಲಾಗದವರು ನಿರಾಶರಾಗಬೇಕಿಲ್ಲ. ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯವು 1968ರಲ್ಲಿ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ 1981ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿ ವಾಣಿಜ್ಯ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತ, ಜೊತೆಯಲ್ಲಿಯೇ ಮುಂಬಯಿಯ ಭಾರತೀಯ ವಿಮಾ ಸಂಸ್ಥೆಯ ಪರೀಕ್ಷೆಗಳನ್ನು ಬರೆಯಬಹುದು. 1955ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಲೈಸೆನ್ಶಿಯೇಟ್, ಅಸೋಸಿಯೇಟ್, ಫೆಲೋ ಎಂಬ ಮೂರು ಮೆಟ್ಟಿಲುಗಳ ಪರೀಕ್ಷೆ ನಡೆಸುವುದು. ಗಣಿತದಲ್ಲಿ ವಿಶೇಷ ಬಲವುಳ್ಳವರು ಆಕ್ಚುಯರಿ, ಅಂದರೆ ವಿಮಾಗಣಿತಜ್ಞ, ಆಗುವ ಪರೀಕ್ಷೆಗಳಿಗೂ ಕೂರಬಹುದು. ಅವು ಕಠಿನವಾದವು, ಹಲವು ವರ್ಷ ಹಿಡಿಯುವುವು. ಆದರೆ ಅವನ್ನು ಮುಗಿಸಿದವರಿಗೆ ಈ ವೃತ್ತಿಯಲ್ಲಿ ಅತಿ ಹೆಚ್ಚಿನ ಗೌರವ.

ಸಾರ್ವಜನಿಕ ವಿಶ್ವವಿದ್ಯಾಲಯವನ್ನೇ ಏಕೆ ಹೇಳುತ್ತಿದ್ದೇವೆಂದರೆ, ಅಲ್ಲಿ ಶುಲ್ಕ ಮಿತ, ಪದವಿಗೆ ಮಾನ್ಯತೆ ಇದೆ, ವಿದ್ಯಾರ್ಥಿವೇತನಕ್ಕೆ ಅವಕಾಶ ಉಂಟು. ಬಣ್ಣದ ಜಾಹೀರಾತನ್ನು ನಂಬಿ ಸಾಲ ಮಾಡಿ ಸೇರುವ ಮುನ್ನ, ಆ ಪದವಿಗೆ ವಿಶ್ವವಿದ್ಯಾಲಯಗಳ ಅನುದಾನ ಆಯೋಗದ ಮಾನ್ಯತೆ ಉಂಟೇ ಎಂದು ವಿಚಾರಿಸತಕ್ಕದ್ದು. ಮತ್ತೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಜೀವ ವಿಮಾ ನಿಗಮ ಮತ್ತು ಸರ್ಕಾರಿ ವಿಮಾ ಕಂಪನಿಗಳ ಅನೇಕ ಅಧಿಕಾರಿ ಹುದ್ದೆಗಳಿಗೆ ಪದವಿಯಷ್ಟೇ ಸಾಕು. ಆಯ್ಕೆ ನಡೆಯುವುದು ಸ್ಪರ್ಧಾ ಪರೀಕ್ಷೆಯಿಂದ. ಸ್ನಾತಕೋತ್ತರ ವ್ಯಾಸಂಗವು ಕೆಲಸದ ಭರವಸೆಯಲ್ಲ. ಕೆಲಸವನ್ನು ಅರಿತು ಮಾಡುವ ಶಕ್ತಿ.

ಕನ್ನಡ ಮಾಧ್ಯಮದವರಿಗೆ ಆಗುವುದೇ?

ಈ ಪ್ರಶ್ನೆಯನ್ನು ಪೋಷಕರು ಕೇಳದೆ ಬಿಡುವುದಿಲ್ಲ. ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಆಂಧ್ರ ರಾಜ್ಯ ಸ್ಥಾಪನೆಯಾದಾಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರವು ಮೊದಲಿನಿಂದ ಅನಂತಪುರದಲ್ಲಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಗಳು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಇಲ್ಲಿಯ ಮಗುವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು ಹೀಗೆ ಮೂರು ಭಾಷೆಗಳ ನಡುವೆ ಬೆಳೆಯುವುದು. ಇದನ್ನು ಕೊರತೆಯೆಂದು ಎಣಿಸುವವರುಂಟು. ವಿಮಾಶಾಸ್ತ್ರದ ಮಟ್ಟಿಗೆ ಇದು ಬಂಡವಾಳ.

ಏಕೆಂದರೆ, ವಿಮಾಪತ್ರದ ಭಾಷೆ ಇಂಗ್ಲಿಷು. ಕೃಷಿ ಕಚೇರಿಯ ಭಾಷೆ ತೆಲುಗು. ಅಮರಾಪುರ, ರೊಳ್ಳ, ಅಗಳಿ, ಡಿ. ಹಿರೇಹಾಳು ಕಡೆಯ ಅನೇಕ ರೈತರ ಭಾಷೆ ಕನ್ನಡ. ಈ ಮೂರನ್ನೂ ಬಲ್ಲವನೇ ನಡುವಿನ ಸೇತುವೆ. ಆಲಿಕಲ್ಲು ಬಿದ್ದು ಒಬ್ಬನ ಹೊಲ ಮಾತ್ರ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬುದು ಬೆಳೆ ವಿಮೆಯ ನಿಯಮ. ಇದನ್ನು ಅರಿಯದ ರೈತನು ನಾಲ್ಕನೆಯ ದಿನ ಕಚೇರಿಗೆ ಹೋದರೆ ಅವನ ಹಕ್ಕಿಗೇ ಕುತ್ತು. ಜೀವವಿಮೆಯ ಪತ್ರ ಕೈಗೆ ಬಂದ ಮೇಲೆ ಓದಿ ನೋಡಿ, ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂದಿರುಗಿಸಬಹುದೆಂಬುದು 2024ರ ನಿಯಮ. ಪಾಲಿಸಿ ಆರಂಭವಾಗಿ ಮೂರು ವರ್ಷ ಕಳೆದ ಮೇಲೆ ಯಾವ ಕಾರಣದಿಂದಲೂ ಅದನ್ನು ಕಂಪನಿಯು ಪ್ರಶ್ನಿಸಲಾಗದೆಂಬುದು 2015ರಲ್ಲಿ ತಿದ್ದುಪಡಿಯಾದ ವಿಮಾ ಕಾಯಿದೆಯ 45ನೆಯ ವಿಧಿ. ಕಂಪನಿಯಿಂದ ನ್ಯಾಯ ದೊರೆಯದಿದ್ದರೆ ಹೈದರಾಬಾದಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಇವೆಲ್ಲವೂ ನಮ್ಮ ಜನರಿಗಾಗಿಯೇ ಇರುವ ಹಕ್ಕುಗಳು. ಅವರ ಭಾಷೆಯಲ್ಲಿ ಹೇಳುವವರಿಲ್ಲದಿದ್ದರೆ ಇದ್ದೂ ಇಲ್ಲದಂತೆಯೇ.

ಇಂಗ್ಲಿಷಿನ ಭಯವನ್ನು ಕುರಿತು ಒಂದು ಮಾತು. ಸ್ನಾತಕೋತ್ತರ ಪಾಠಗಳು ಇಂಗ್ಲಿಷಿನಲ್ಲಿ ನಡೆಯುವುವು, ನಿಜ. ಆದರೆ ತಾಯಿನುಡಿಯಲ್ಲಿ ಭಿನ್ನರಾಶಿಯನ್ನೂ ಶೇಕಡ ಲೆಕ್ಕವನ್ನೂ ಚೆನ್ನಾಗಿ ಅರಿತ ಮಗುವಿಗೆ ಇಂಗ್ಲಿಷಿನಲ್ಲಿ ಹೊಸದಾಗಿ ಕಲಿಯಬೇಕಾದುದು ಶಬ್ದಗಳನ್ನು ಮಾತ್ರ, ವಿಷಯವನ್ನಲ್ಲ. ಎಂಟನೆಯ ತರಗತಿಯಿಂದ ದಿನಕ್ಕೆ ಐದು ಶಬ್ದಗಳಂತೆ ಕಲಿತರೆ ವರ್ಷಕ್ಕೆ ಸಾವಿರದೆಂಟುನೂರಕ್ಕೆ ಮೀರುವುದು. ಕರ್ನಾಟಕದಲ್ಲಿ ಓದಬಯಸುವವರು, ಅಲ್ಲಿಯ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗಾಗಿ ಇರುವ ವಿಧಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಕನ್ನಡವನ್ನು ಓದಿ ಬರೆಯಬಲ್ಲವರಿಗೆ ಮಾತ್ರ ಅದು ಉಪಯೋಗವಾಗುವುದರಿಂದ ಕನ್ನಡವನ್ನು ಕೈಬಿಡುವುದು ಜಾಣತನವಲ್ಲ.

ಪೋಷಕರಲ್ಲಿ ವಿಜ್ಞಾಪನೆ

ಮಗಳಾಗಲಿ ಮಗನಾಗಲಿ ಲೆಕ್ಕದಲ್ಲಿ ಆಸಕ್ತಿ ತೋರಿದರೆ ಅದನ್ನು ಇಂಜಿನಿಯರಿಂಗ್ ಒಂದಕ್ಕೇ ಕಟ್ಟಿಹಾಕಬೇಡಿರಿ. ವಿಮಾಶಾಸ್ತ್ರದಂಥ ದಾರಿಯೂ ಉಂಟೆಂದು ತಿಳಿಸಿರಿ. ಮನೆಯಲ್ಲಿರುವ ವಿಮಾಪತ್ರವನ್ನು ಪೆಟ್ಟಿಗೆಯ ತಳದಲ್ಲಿ ಇಡದೆ ಮಕ್ಕಳ ಕೈಗೆ ಕೊಟ್ಟು ಓದಿಸಿರಿ. ಕಂತಿನ ದಿನಾಂಕ ಯಾವುದು, ಹಣ ಯಾರಿಗೆ ಸಲ್ಲಬೇಕೆಂದು ಬರೆದಿದೆ, ಯಾವ ಸಂದರ್ಭದಲ್ಲಿ ಪರಿಹಾರವಿಲ್ಲ ಎಂಬ ಮೂರು ಪ್ರಶ್ನೆಗಳಿಗೆ ಅವರು ಉತ್ತರ ಹುಡುಕಲಿ. ಅದೇ ಅವರ ಮೊದಲ ಪಾಠ, ನಿಮಗೂ ಲಾಭವೇ.

ಮಳೆಯನ್ನು ತರಿಸುವ ವಿದ್ಯೆ ಯಾವ ವಿಶ್ವವಿದ್ಯಾಲಯದಲ್ಲಿಯೂ ಇಲ್ಲ. ಆದರೆ ಮಳೆ ಬಾರದ ವರ್ಷದಲ್ಲಿ ಒಂದು ಸಂಸಾರ ಊರು ಬಿಡದಂತೆ ಹಿಡಿದು ನಿಲ್ಲಿಸುವ ವಿದ್ಯೆ ಉಂಟು. ಅದನ್ನು ನಮ್ಮ ಮಕ್ಕಳು ಕಲಿತು ಬರಲೆಂದು ಹಾರೈಸುವೆವು.

ಅಭ್ಯಾಸ

1. ಒಂದು ಸೀಮೆಯಲ್ಲಿ 25,000 ಜನರು ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಮಾಡಿಸಿದರೆ ಕೂಡುವ ಹಣವೆಷ್ಟು? 2 ಲಕ್ಷದಂತೆ ಎಷ್ಟು ಕುಟುಂಬಗಳಿಗೆ ಪೂರ್ಣ ಪರಿಹಾರ ಕೊಡಬಹುದು? ಉಳಿಯುವುದೆಷ್ಟು?

2. ವಿಮಾ ಮೊತ್ತ 30,000 ರೂಪಾಯಿ, ಮಿತಿಯ ಇಳುವರಿ 500 ಕಿಲೋಗ್ರಾಂ, ಬಂದ ಇಳುವರಿ 350 ಕಿಲೋಗ್ರಾಂ. ಪರಿಹಾರವೆಷ್ಟು? ನೂರಕ್ಕೆ ಎರಡರಂತೆ ರೈತನ ಪಾಲೆಷ್ಟು?

3. ಒಂದೇ ಊರಿನ ರೈತರು ಸೇರಿ ಬರಕ್ಕೆ ವಿಮಾ ಸಂಘ ಕಟ್ಟಿದರೆ ಅದು ಏಕೆ ನಿಲ್ಲಲಾರದು? ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.

ಉತ್ತರಗಳು: (1) 5 ಲಕ್ಷ ರೂಪಾಯಿ; ಎರಡು ಕುಟುಂಬಗಳಿಗೆ; 1 ಲಕ್ಷ ರೂಪಾಯಿ. (2) 9,000 ರೂಪಾಯಿ, 600 ರೂಪಾಯಿ. (3) ‘ಬೆಳೆ ವಿಮೆಯ ತೊಡಕು’ ಎಂಬ ಭಾಗವನ್ನು ಮತ್ತೊಮ್ಮೆ ಓದಿ ನಿಮ್ಮ ಮಾತಿನಲ್ಲಿ ಬರೆಯಿರಿ.